ಕಾರಿಗೆ ಸೈಕಲ್ ರ್ಯಾಕ್: ಮೊದಲು ಡಿಕ್ಕಿ ಬಾಗಿಲು ನೋಡಿ, ಆಮೇಲೆ ಅಂಗಡಿ

ಪ್ರಶ್ನೆ: ನಮ್ಮದು ಮಾರುತಿ ಸ್ವಿಫ್ಟ್. ಮನೆಯಲ್ಲಿ ನಾಲ್ವರು, ಸೈಕಲ್ಲೂ ನಾಲ್ಕು. ನನ್ನದು 29 ಇಂಚಿನ ಗೇರ್ ಸೈಕಲ್, ಪತ್ನಿಯದು ನಡುವಿನ ಕಂಬಿ ತಗ್ಗಿರುವ ಲೇಡೀಸ್ ಹೈಬ್ರಿಡ್, ಒಂಬತ್ತು ವರ್ಷದ ಮಗಳದು 20 ಇಂಚು, ಐದು ವರ್ಷದ ಮಗನದು 14 ಇಂಚು. ಬೆಂಗಳೂರಿನ ರಸ್ತೆಗೆ ಮಕ್ಕಳನ್ನು ಬಿಡಲು ಧೈರ್ಯವಿಲ್ಲ. ತಿಂಗಳಿಗೊಮ್ಮೆ ಶ್ರೀರಂಗಪಟ್ಟಣದ ಕಡೆಗೆ ಸೈಕಲ್‌ಗಳನ್ನು ಒಯ್ದು ಅಲ್ಲಿ ಹಳ್ಳಿ ರಸ್ತೆಗಳಲ್ಲಿ ತುಳಿಯುವ ಆಸೆ. ಡಿಕ್ಕಿಗೆ ಪಟ್ಟಿ ಬಿಗಿದು ನಿಲ್ಲಿಸುವ, ‘3 ಸೈಕಲ್‌ಗೆ’ ಎಂದು ಬರೆದಿರುವ ರ್ಯಾಕ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಅದು ಸಾಕೇ? ಇಲ್ಲಾ ಕಾರಿನ ತಲೆ ಮೇಲೆ ಕೂರಿಸುವುದೇ ವಾಸಿಯೇ? ಪೊಲೀಸರು ಹಿಡಿಯುತ್ತಾರೆಯೇ?

ಉತ್ತರ: ನಾಲ್ಕನ್ನೂ ಹೊರಗೆ ತೂಗುಹಾಕುವ ಯೋಚನೆ ಬಿಡಿ. ಸ್ವಿಫ್ಟ್ ಗಾತ್ರದ ಕಾರಿಗೆ ಒಗ್ಗುವ ಹಂಚಿಕೆ ಇದು: ದೊಡ್ಡವರ ಎರಡು ಸೈಕಲ್ ಹಿಂದಿನ ರ್ಯಾಕಿನಲ್ಲಿ, ಮಕ್ಕಳ ಎರಡು ಕಾರಿನೊಳಗೆ. ಪಟ್ಟಿಯ ರ್ಯಾಕ್ ಸಾಕು. ಆದರೆ ಮೂರರದ್ದನ್ನೇ ಕೊಂಡರೂ ಎರಡೇ ಹಾಕಿ. ಹೀಗೇಕೆ ಎಂದು ತಿಳಿಯಲು ಮೊದಲು ಬಾತ್‌ರೂಮ್ ತಕ್ಕಡಿ ತನ್ನಿ.

ತಕ್ಕಡಿಯ ಮೇಲೆ ನೀವೊಬ್ಬರೇ ನಿಂತು ತೂಕ ನೋಡಿ, ಆಮೇಲೆ ಸೈಕಲ್ ಎತ್ತಿಕೊಂಡು ನಿಂತು ನೋಡಿ, ಕಳೆಯಿರಿ. ನಮ್ಮಲ್ಲಿ ಮಾರುವ ಉಕ್ಕಿನ ಎಂಟಿಬಿಗಳು (ಮೌಂಟನ್ ಬೈಕ್, ನಿಮ್ಮ 29 ಇಂಚಿನದರಂಥವು) ಸಾಮಾನ್ಯವಾಗಿ 16ರಿಂದ 18 ಕೆ.ಜಿ. ತೂಗುತ್ತವೆ, ಹೈಬ್ರಿಡ್ 13-14, 20 ಇಂಚಿನ ಮಕ್ಕಳ ಸೈಕಲ್ಲೂ ಎಷ್ಟೋ ಸಲ 11-12 ಇರುತ್ತದೆ. ವಿದೇಶಿ ರ್ಯಾಕ್‌ಗಳ ಲೆಕ್ಕ ಹಗುರವಾದ ಅಲ್ಯೂಮಿನಿಯಂ ಸೈಕಲ್ಲನ್ನು ನೆನೆದು ಹಾಕಿದ್ದು. ಸಾರಿಸ್ ಕಂಪನಿಯ ‘ಬೋನ್ಸ್’ ರ್ಯಾಕಿಗೆ ಒಂದು ಸೈಕಲ್ಲಿಗೆ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ. ಮಿತಿ. ಅಗ್ಗದವುಗಳಲ್ಲಿ 15 ಕೆ.ಜಿ. ಎಂದೇ ಬರೆದಿರುವುದು ಹೆಚ್ಚು. ಡಬ್ಬದ ಮೇಲಿನ ‘45 ಕೆ.ಜಿ.’ ನೋಡಿ ಸಮಾಧಾನಪಡಬೇಡಿ, ಒಂದೊಂದು ಸೈಕಲ್ಲಿಗೆ ಎಷ್ಟು ಎಂಬುದನ್ನು ನೋಡಿ. ನಿಮ್ಮ 29 ಇಂಚಿನದು 17 ಕೆ.ಜಿ. ಬಂದರೆ 15ರ ರ್ಯಾಕ್ ನಿಮ್ಮದಲ್ಲ. ಪೆಡಲ್, ಸೀಟು, ಬಾಟಲಿ, ಸ್ಟ್ಯಾಂಡು ಬಿಚ್ಚಿದರೆ ಒಂದೆರಡು ಕೆ.ಜಿ. ಇಳಿಯುತ್ತದೆ, ಅಷ್ಟೇ.

ತೂಕಕ್ಕಿಂತ ದೊಡ್ಡ ಕಳ್ಳ ದೂರ. ರ್ಯಾಕಿನ ತೋಳು ಕಾರಿನಿಂದ ಹೊರಗೆ ಚಾಚಿರುತ್ತದೆ, ಕೊಡ ಹಿಡಿದು ಕೈ ನೀಟಿದ ಹಾಗೆ. ಮೊದಲ ಸೈಕಲ್ ಡಿಕ್ಕಿಯಿಂದ 20 ಸೆಂ.ಮೀ., ಎರಡನೆಯದು 38, ಮೂರನೆಯದು 56 ಸೆಂ.ಮೀ. ದೂರ ಇದೆ ಎಂದಿಟ್ಟುಕೊಳ್ಳಿ. 17 ಕೆ.ಜಿ.ಯದನ್ನು ಒಳಗಡೆ ಹಾಕಿದರೆ ಅದರ ಜಗ್ಗು 17×20, ಅಂದರೆ 340. ನಡುವಿನ 14 ಕೆ.ಜಿ.ಯದು 532. ಕಟ್ಟಕಡೆಗೆ ಮಗಳ 12 ಕೆ.ಜಿ. ಸೈಕಲ್ ಹಾಕಿದಿರೋ, ಅದೊಂದರ ಜಗ್ಗೇ 672! ಮೂರರಲ್ಲಿ ಹಗುರವಾದದ್ದೇ ಮೇಲಿನ ಪಟ್ಟಿಗಳನ್ನು ಎಲ್ಲಕ್ಕಿಂತ ಜೋರಾಗಿ ಎಳೆಯುತ್ತದೆ. ಎರಡಕ್ಕೆ 872 ಇದ್ದದ್ದು ಮೂರಕ್ಕೆ 1,544 ಆಗುತ್ತದೆ. ಭಾರದ್ದನ್ನು ಹೊರಗೆ, ಹಗುರದ್ದನ್ನು ಒಳಗೆ ಹಾಕುವ ತಪ್ಪು ಮಾಡಿದರೆ 1,724. ಇದು ಕಾರು ನಿಂತಾಗಿನ ಲೆಕ್ಕ. ಹಂಪಿನ ಮೇಲೆ ಎಗರಿ ಬಿದ್ದಾಗ ಇದೇ ಜಗ್ಗು ಗಳಿಗೆಯ ಮಟ್ಟಿಗೆ ಎಷ್ಟೋ ಹೆಚ್ಚಾಗುತ್ತದೆ, ಡಿಕ್ಕಿಯ ತಗಡಿನ ಅಂಚು ಮಣಿಯುವುದು ಆಗಲೇ.

ಈಗ ಆ ಡಿಕ್ಕಿ ಬಾಗಿಲಿಗೆ ಬನ್ನಿ. ಪಟ್ಟಿಯ ಕೊಕ್ಕೆಗಳು ಬಾಗಿಲಿನ ಮೇಲಂಚು, ಕೆಳಂಚು, ಎರಡು ಪಕ್ಕದ ಅಂಚುಗಳನ್ನು ಹಿಡಿಯುತ್ತವೆ. ಆ ಅಂಚು ತಗಡಿನದೇ ಆಗಿರಬೇಕು. ಮೇಲೆ ಪ್ಲಾಸ್ಟಿಕ್ ಸ್ಪಾಯ್ಲರ್ (ಗಾಜಿನ ಮೇಲೆ ಹಿಂದಕ್ಕೆ ಚಾಚಿದ ರೆಕ್ಕೆ) ಇದ್ದರೆ ಪಟ್ಟಿ ಅದರ ಮೇಲೆ ಹಾದು ಒತ್ತುತ್ತದೆ, ನಾಲ್ಕಾರು ಪ್ರಯಾಣದಲ್ಲಿ ಸ್ಪಾಯ್ಲರ್ ಬಿರುಕು ಬಿಡಬಹುದು. ಬಾಗಿಲು ತೆರೆದು ಸ್ಪಾಯ್ಲರಿನ ಕೆಳಗೆ ಬೆರಳು ಹಾಕಿ ನೋಡಿ: ಅದರ ಮತ್ತು ತಗಡಿನ ನಡುವೆ ಪಟ್ಟಿ ತೂರುವಷ್ಟು ಸಂದು ಇದ್ದರೆ ಅಲ್ಲಿಂದ ತನ್ನಿ. ಇಲ್ಲವಾದರೆ ಕಮಾನಿನ ಹಾಗೆ ಬಾಗಿ ಸ್ಪಾಯ್ಲರನ್ನು ದಾಟುವ ರ್ಯಾಕ್ ಬೇಕು, ಬೋನ್ಸ್ ಜಾತಿಯವು ಇದಕ್ಕೆ ಸರಿ. ಗಾಜಿನ ಅಂಚಿಗೆ ಕೊಕ್ಕೆ ಹಾಕುವ ಮಾತೇ ಬೇಡ. ಬಾಗಿಲೇ ಪ್ಲಾಸ್ಟಿಕ್ಕಿನದಾದ ಕಾರುಗಳಿವೆ, ಅಯಸ್ಕಾಂತ ಹಿಡಿದು ನೋಡಿದರೆ ತಿಳಿಯುತ್ತದೆ (ಅಂಟದಿದ್ದರೆ ಅಲ್ಯೂಮಿನಿಯಂ ಕೂಡ ಇರಬಹುದು, ಎರಡಕ್ಕೂ ಪಟ್ಟಿ ರ್ಯಾಕ್ ಬೇಡ). ಥಾರ್, ಜಿಮ್ನಿಯ ಹಾಗೆ ಸ್ಟೆಪ್ನಿ ಬಾಗಿಲ ಮೇಲೇ ಇರುವವರಿಗೆ ಸ್ಟೆಪ್ನಿಗೆ ಕೂರುವ ರ್ಯಾಕ್ ಬೇರೆಯೇ ಇದೆ, ಪಟ್ಟಿಯದಕ್ಕಿಂತ ಗಟ್ಟಿ.

ಚಾವಣಿಯದು ಕೇಳಿದ್ದೀರಿ. ಸೈಕಲ್‌ಗೂ ಕಾರಿನ ಬಣ್ಣಕ್ಕೂ ಅದು ಹಿತ. ನಂಬರ್ ಪ್ಲೇಟ್ ಮುಚ್ಚುವುದಿಲ್ಲ, ಡಿಕ್ಕಿ ತೆರೆಯಬಹುದು. ಆದರೆ ಸ್ವಿಫ್ಟ್‌ಗೆ ರೇಲ್ (ಚಾವಣಿಯ ಎರಡು ಪಕ್ಕದಲ್ಲಿ ಉದ್ದಕ್ಕೆ ಇರುವ ಕಂಬಿ) ಇಲ್ಲ, ಬಾಗಿಲ ಚೌಕಟ್ಟನ್ನು ಕಚ್ಚುವ ಪಾದಗಳಿರುವ ಕ್ರಾಸ್‌ಬಾರ್, ಅಂದರೆ ಚಾವಣಿಗೆ ಅಡ್ಡಲಾಗಿ ಕೂರುವ ಕಂಬಿಗಳು ಬೇಕು. ರೇಲ್ ಇರುವ ಎಷ್ಟೋ ಕಾರುಗಳಲ್ಲಿ ಅದು ಬರೀ ಅಲಂಕಾರ. ಕಾರಿನ ಕೈಪಿಡಿಯಲ್ಲಿ ‘ರೂಫ್ ಲೋಡ್’ ಎಂದು ಕೆ.ಜಿ. ಕೊಟ್ಟಿಲ್ಲವಾದರೆ ಹಾಗೆಂದೇ ತಿಳಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 50 ಕೆ.ಜಿ. ಆಸುಪಾಸು, ದೊಡ್ಡವಕ್ಕೆ 75ರವರೆಗೆ. ಇದರಲ್ಲಿ ಕಬ್ಬಿಣವೂ ಸೇರುತ್ತದೆ: ಕ್ರಾಸ್‌ಬಾರ್ ಜೋಡಿ 5-6 ಕೆ.ಜಿ., ಅದರ ಮೇಲೆ ಸೈಕಲ್ ನಿಲ್ಲಿಸುವ ಒಂದೊಂದು ತಟ್ಟೆ 4 ಕೆ.ಜಿ. ಎರಡು ಸೈಕಲ್‌ಗೆ 6+8+31, ಒಟ್ಟು 45. ಮೂರನೆಯದಕ್ಕೆ ಜಾಗವಿದ್ದರೂ ತೂಕವಿಲ್ಲ. ತೂಲೆ ಕಂಪನಿಯ ‘ಪ್ರೋರೈಡ್’ ತಟ್ಟೆ ಒಂದಕ್ಕೆ 20 ಕೆ.ಜಿ. ಸೈಕಲ್ ತಾಳುತ್ತದೆ ಎಂದ ಮಾತ್ರಕ್ಕೆ ನಿಮ್ಮ ಚಾವಣಿ ತಾಳಬೇಕೆಂದಿಲ್ಲ. ಜೊತೆಗೆ 17 ಕೆ.ಜಿ.ಯನ್ನು ತಲೆಯೆತ್ತರಕ್ಕೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕ್ಲಾಂಪ್ ತಿರುಗಿಸಬೇಕು. ವಾಪಸು ಬರುವಾಗ, ಬಿಸಿಲಲ್ಲಿ ತುಳಿದು ದಣಿದ ಮೇಲೆ, ಇದೇ ಕೆಲಸ ಮತ್ತೊಮ್ಮೆ.

ಎತ್ತರ ಇನ್ನೊಂದು. ಕಾರು 1.52 ಮೀಟರ್, ತಟ್ಟೆ 15 ಸೆಂ.ಮೀ., ಸೈಕಲ್ 1.05 ಮೀಟರ್: 2.7 ಮೀಟರ್ ದಾಟಿತು. ಅಪಾರ್ಟ್‌ಮೆಂಟ್ ಬೇಸ್‌ಮೆಂಟು, ಮಾಲ್ ಪಾರ್ಕಿಂಗ್‌ಗಳ ತೊಲೆ 2.1-2.2 ಮೀಟರಿಗೇ ಇರುತ್ತದೆ. ಚಾವಣಿಯ ಸೈಕಲ್‌ಗಳು ಹಾಳಾಗುವುದು ಹೆದ್ದಾರಿಯಲ್ಲಲ್ಲ, ಸ್ವಂತ ಮನೆಯ ಪಾರ್ಕಿಂಗಿನ ಬಾಯಲ್ಲಿ. ತಲೆ ಮೇಲೆ ಸೈಕಲ್ ಇದೆ ಎಂಬುದು ಮರೆತು. ಚಾವಣಿಗೇ ಹೋಗುವಿರಾದರೆ ‘2.7’ ಎಂದು ಕಾಗದದಲ್ಲಿ ಬರೆದು ಸ್ಪೀಡೋಮೀಟರ್ ಪಕ್ಕ ಅಂಟಿಸಿ.

ಹಿಚ್ ರ್ಯಾಕ್, ಅಂದರೆ ಟ್ರೇಲರ್ ಎಳೆಯುವ ಕೊಂಡಿಗೆ ಕೂರುವುದು, ಎಲ್ಲದರಲ್ಲೂ ಉತ್ತಮ. ಸೈಕಲ್ ಮೊಣಕಾಲೆತ್ತರಕ್ಕೆ ಎತ್ತಿದರೆ ಸಾಕು, ಕಾರಿನ ಮೈಗೆ ಏನೂ ತಾಗದು, 25 ಕೆ.ಜಿ.ಯ ಬ್ಯಾಟರಿ ಸೈಕಲ್‌ಗೆ ಅದೇ ಗತಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ಇಂಚಿನ ಚೌಕ ಕೊಳವೆ ಸುಲಭವಾಗಿ ಸಿಗುತ್ತದೆ, ಅವರು ಬೇರೆ ನೋಡುವುದೇ ಬೇಡ. ಇಲ್ಲಿ ಸ್ವಿಫ್ಟ್‌ಗೆ ಅದನ್ನು ಹೊರಗಡೆ ಮಾಡಿಸಬೇಕು. ಬಂಪರ್ ಕತ್ತರಿಸಿ ಬೋಲ್ಟ್ ಹೊಡೆಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮಾರ್ಪಾಡಿನ ಪ್ರಶ್ನೆ, ವಾರಂಟಿಯ ಪ್ರಶ್ನೆ, ವಿಮೆಯ ಪ್ರಶ್ನೆ ಮೂರೂ ಏಳುತ್ತವೆ. ತಿಂಗಳಿಗೊಂದು ಸುತ್ತಿಗೆ ಅಷ್ಟು ರಗಳೆ ಏಕೆ?

ಪೊಲೀಸರ ವಿಷಯ. ಎರಡು ಸಂಗತಿ ಗಮನಿಸಿ. ಮೊದಲನೆಯದು ನಂಬರ್ ಪ್ಲೇಟು. ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದ ಪ್ರಕಾರ ಅದು ಸ್ಪಷ್ಟವಾಗಿ ಕಾಣಬೇಕು. ಬ್ರಿಟನ್, ಯುರೋಪಿನಲ್ಲಿ ರ್ಯಾಕಿನ ಮೇಲೆ ಇನ್ನೊಂದು ಪ್ಲೇಟ್, ದೀಪದ ಹಲಗೆ ತೂಗುಹಾಕುತ್ತಾರೆ. ನಮ್ಮ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟು ಒಮ್ಮೆ ಹಾಕಿದರೆ ಬಿಚ್ಚಲಾಗದ ಸ್ನ್ಯಾಪ್ ಲಾಕ್‌ನಲ್ಲಿ ಕೂತಿರುತ್ತದೆ, ಕಿತ್ತು ಸೈಕಲ್‌ಗೆ ಕಟ್ಟುವ ಹಾಗಿಲ್ಲ. ನಕಲು ಬರೆಸಿ ಹಾಕುವುದು ಇನ್ನೂ ದೊಡ್ಡ ತಲೆನೋವು. ಆದ್ದರಿಂದ ಸೈಕಲ್ಲನ್ನು ಎತ್ತರದಲ್ಲಿ, ಗಾಜಿನ ಮಟ್ಟಕ್ಕೆ ಹಿಡಿಯುವ ರ್ಯಾಕ್ ಆರಿಸಿ. ಹಾಕಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ: ನಂಬರು ಪೂರ್ತಿ ಓದಲು ಬರಬೇಕು, ಬ್ರೇಕ್ ದೀಪ, ಇಂಡಿಕೇಟರ್ ಎರಡೂ ಕಡೆ ಕಾಣಬೇಕು. ಚಕ್ರ ಅಡ್ಡ ಬರುತ್ತಿದ್ದರೆ ಅದನ್ನು ಬಿಚ್ಚಿ ಒಳಗಿಡಿ.

ಎರಡನೆಯದು ಅಗಲ. ಕಾರಿನ ಮೈಯಿಂದ ಪಕ್ಕಕ್ಕೆ ಚಾಚುವ ಸಾಮಾನಿಗೆ 2019ರ ತಿದ್ದುಪಡಿ ತಂದ 194(1ಎ) ಸೆಕ್ಷನ್ ಅಡಿ 20,000 ರೂಪಾಯಿ ದಂಡವಿದೆ. ಸ್ವಿಫ್ಟ್ 1,735 ಮಿ.ಮೀ. ಅಗಲ. 29 ಇಂಚಿನ ಸೈಕಲ್ ಉದ್ದ 1,800 ದಾಟುತ್ತದೆ. ಎರಡೂ ಪಕ್ಕಕ್ಕೆ ಮೂರ್ನಾಲ್ಕು ಸೆಂ.ಮೀ. ಅಷ್ಟೇ ಎನಿಸುತ್ತದೆ, ಆದರೆ ಸೈಕಲ್ ನಡುಮಧ್ಯದಲ್ಲಿ ಕೂರುವುದು ಅಪರೂಪ. ಒಂದು ಕಡೆ ಒಂದು ಗೇಣು ಹೊರಗೆ ಬಂದಿರುತ್ತದೆ. ಅದು ಬೈಕ್ ಸವಾರನ ಮೊಣಕೈ ಎತ್ತರ. ದಂಡದ ಮಾತು ಬಿಟ್ಟುಬಿಡಿ, ಆ ಒಂದು ಕಾರಣಕ್ಕೇ ಮುಂದಿನ ಚಕ್ರ ತೆಗೆಯಿರಿ. ಉದ್ದ 1.5 ಮೀಟರಿನ ಆಸುಪಾಸಿಗೆ ಇಳಿಯುತ್ತದೆ, ತೂಕವೂ ಇಳಿಯುತ್ತದೆ.

ಡಿಸ್ಕ್ ಬ್ರೇಕ್ ಹೈಡ್ರಾಲಿಕ್ (ತಂತಿಯ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವುದು) ಆಗಿದ್ದರೆ, ಚಕ್ರ ತೆಗೆದ ಕೂಡಲೇ ಎರಡು ಪ್ಯಾಡ್‌ಗಳ ನಡುವೆ ನಾಲ್ಕು ಮಡಿಕೆ ಮಾಡಿದ ರಟ್ಟು ಸಿಕ್ಕಿಸಿ. ಖಾಲಿ ಇರುವಾಗ ಮಕ್ಕಳು ಸುಮ್ಮನೆ ಬ್ರೇಕ್ ಒತ್ತಿದರೂ ಸಾಕು, ಪಿಸ್ಟನ್‌ಗಳು ಮುಂದೆ ಬಂದು ಪ್ಯಾಡ್ ಮುಚ್ಚಿಕೊಳ್ಳುತ್ತವೆ. ಶ್ರೀರಂಗಪಟ್ಟಣದಲ್ಲಿ ಇಳಿದಾಗ ಚಕ್ರ ಒಳಗೆ ಹೋಗುವುದಿಲ್ಲ.

ಮಕ್ಕಳ ಸೈಕಲ್ ಮೊದಲು ಒಳಗೆ ಹೋಗಬೇಕು, ಏಕೆಂದರೆ ರ್ಯಾಕ್ ಕಟ್ಟಿದ ಮೇಲೆ ಡಿಕ್ಕಿ ತೆರೆಯುವುದಿಲ್ಲ. ನಿಮ್ಮ ಹಿಂದಿನ ಸೀಟು 60:40 ಮಡಿಸುವಂಥದಾದರೆ 40ರ ಭಾಗ ಮಡಿಸಿ, ಮಕ್ಕಳಿಬ್ಬರೂ 60ರ ಭಾಗದಲ್ಲಿ ಕೂರಲಿ. 20 ಇಂಚಿನದರ ಮುಂದಿನ ಚಕ್ರ ತೆಗೆಯಿರಿ. ಸಾಮಾನ್ಯವಾಗಿ 14 ಅಥವಾ 15ರ ಸ್ಪ್ಯಾನರ್. ನಟ್ಟಿನ ಹಿಂದಿನ ಕಿವಿಯಿರುವ ವಾಷರ್ ಯಾವ ಕ್ರಮದಲ್ಲಿದೆ ಎಂದು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. 15ರ ಸ್ಪ್ಯಾನರಿನಲ್ಲಿ ಪೆಡಲ್ ಬಿಚ್ಚಿ. ಎಡ ಪೆಡಲ್ಲಿಗೆ ಉಲ್ಟಾ ಥ್ರೆಡ್. ನೆನಪಿಡಲು ಸುಲಭ ದಾರಿ, ಸ್ಪ್ಯಾನರ್ ಮೇಲ್ಮುಖವಾಗಿ ಹಾಕಿ ಸೈಕಲ್ಲಿನ ಹಿಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಸಡಿಲವಾಗುತ್ತವೆ. ಹ್ಯಾಂಡಲ್ ಬೋಲ್ಟ್ ಸಡಿಲಿಸಿ ಉದ್ದಕ್ಕೆ ತಿರುಗಿಸಿ. ಸೈಕಲ್ ಡಿಕ್ಕಿಯಿಂದ ಮಡಿಸಿದ ಸೀಟಿನವರೆಗೆ ಚೈನು ಮೇಲ್ಮುಖವಾಗಿ ಮಲಗಲಿ, ಕೆಳಗೆ ಹಳೆ ಜಮಖಾನ. 14 ಇಂಚಿನದು ಅದರ ಪಕ್ಕ ಡಿಕ್ಕಿಯಲ್ಲಿ. ಮನೆಯಲ್ಲೇ ಒಮ್ಮೆ ಒಳಗಿಟ್ಟು ನೋಡಿಬಿಡಿ, ಹ್ಯಾಂಡಲ್ಲಿನ ಅಗಲ ಎಷ್ಟೋ ಸಲ ಕೈ ಕೊಡುತ್ತದೆ. ಎರಡನ್ನೂ ಡಿಕ್ಕಿಯ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯಲೇಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಕಟ್ಟದ ಸೈಕಲ್ ಮಕ್ಕಳತ್ತ ನುಗ್ಗುತ್ತದೆ. ಕಟ್ಟಲು ಜಾಗವೇ ಇಲ್ಲದಿದ್ದರೆ ಆ ಸೈಕಲ್ ಒಳಗೆ ಬೇಡ.

ನೀರು, ತಿಂಡಿ, ಪಂಕ್ಚರ್ ಕಿಟ್ ಎಲ್ಲ ಮುಂದೆ ಕೈಗೆ ಸಿಗುವಂತಿರಲಿ. ಸ್ಟೆಪ್ನಿ ಡಿಕ್ಕಿಯ ತಳದಲ್ಲಿದೆ, ದಾರಿಯಲ್ಲಿ ಟೈರ್ ಪಂಕ್ಚರ್ ಆದರೆ ಎರಡು ಸೈಕಲ್, ಒಂದು ರ್ಯಾಕ್, ಇನ್ನೆರಡು ಸೈಕಲ್ ಇಳಿಸಿದ ಮೇಲೇ ಅದು ಕೈಗೆ ಬರುವುದು. ಹೊರಡುವ ಮುನ್ನ ಗಾಳಿ ನೋಡಿಸಿ.

ರ್ಯಾಕ್ ಕಟ್ಟುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಬಣ್ಣ ಕೆರೆಯುವುದು ರ್ಯಾಕಿನ ರಬ್ಬರ್ ಅಲ್ಲ, ಅದರಡಿ ಸಿಕ್ಕ ಧೂಳು. ರ್ಯಾಕಿನ ಪಾದಗಳು ಕೂರುವ ಕಡೆ ಅಂಗೈಯಗಲ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಹಾಳೆ ಅಂಟಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಬಟ್ಟೆ ಸಿಕ್ಕಿಸಬೇಡಿ, ಅಲುಗಾಟಕ್ಕೆ ಜಾರಿ ಬೀಳುತ್ತದೆ, ರ್ಯಾಕೂ ಸಡಿಲವಾಗುತ್ತದೆ.

ಪಟ್ಟಿ ಆರು. ಮೇಲಿನ ಎರಡು ಭಾರ ಹೊರುತ್ತವೆ. ಕೆಳಗಿನ ಎರಡು ರ್ಯಾಕ್ ಎಗರದಂತೆ ಹಿಡಿಯುತ್ತವೆ. ಪಕ್ಕದ ಎರಡು ಅಡ್ಡಡ್ಡ ತೂಗಾಡದಂತೆ ತಡೆಯುತ್ತವೆ. ತೋಳುಗಳು ನೆಲಕ್ಕೆ ಸಮವಾಗಿ, ಇಲ್ಲವೇ ತುದಿ ಸ್ವಲ್ಪ ಮೇಲಕ್ಕೆ ಇರುವಂತೆ ಮೊದಲು ಮೇಲಿನವನ್ನು ಬಿಗಿಯಿರಿ, ಆಮೇಲೆ ಕೆಳಗಿನವು, ಆಮೇಲೆ ಪಕ್ಕದವು. ಕೆಳಗಿನದು ಬಿಗಿದಾಗ ಪಾದಗಳು ಒತ್ತಿಕೊಂಡು ಮೇಲಿನದು ಸಡಿಲವಾಗಿರುತ್ತದೆ, ಅದನ್ನು ಮತ್ತೊಮ್ಮೆ ಎಳೆಯಿರಿ. ಈಗ ತೋಳು ಹಿಡಿದು ಬಲವಾಗಿ ಅಲ್ಲಾಡಿಸಿ. ರ್ಯಾಕ್ ಅಲುಗಬಾರದು, ಕಾರೇ ಅಲುಗಬೇಕು. ಬಕಲಿನಿಂದ ಹೊರಬಂದ ಪಟ್ಟಿಯ ಬಾಲಕ್ಕೆ ಬಕಲಿಗೆ ಅಂಟಿದಂತೆ ಒಂದು ಗಂಟು ಹಾಕಿ, ಬಕಲ್ ಜಾರಿದರೂ ಗಂಟು ತಡೆಯುತ್ತದೆ. ಉಳಿದ ತುದಿಯನ್ನು ಸುತ್ತಿ ಕಟ್ಟಿ. ಗಾಳಿಗೆ ಪಟಪಟ ಹೊಡೆಯುವ ಪಟ್ಟಿ ನೂರು ಕಿಲೋಮೀಟರಿನಲ್ಲಿ ಬಣ್ಣ ಮಸುಕು ಮಾಡುತ್ತದೆ.

ಪತ್ನಿಯ ಸೈಕಲ್ಲಿಗೆ ಮೇಲಿನ ಅಡ್ಡಕಂಬಿ ಇಲ್ಲವಲ್ಲ, ತೋಳಿನ ಮೇಲೆ ಹಾಕಿದರೆ ಓರೆಯಾಗಿ ನೇತಾಡಿ ಒಂದು ಚಕ್ರ ರಸ್ತೆ ಮುಟ್ಟುವಷ್ಟು ಇಳಿಯುತ್ತದೆ. ಸೀಟಿನ ಕಂಬಕ್ಕೂ ಹ್ಯಾಂಡಲ್ ಕಂಬಕ್ಕೂ ಸಿಕ್ಕಿಸುವ ಅಡಾಪ್ಟರ್ ಕಂಬಿ ಪ್ರತ್ಯೇಕ ಸಿಗುತ್ತದೆ, ಕೊಳ್ಳಿ. ಎಂಟಿಬಿ ಮೊದಲು, ಕಾರಿಗೆ ಹತ್ತಿರ, ಚೈನಿನ ಭಾಗ ಕಾರಿನಿಂದ ಆಚೆ ಇರಲಿ. ಎರಡನೆಯದು ಉಲ್ಟಾ ದಿಕ್ಕಿಗೆ, ಒಂದರ ಹ್ಯಾಂಡಲ್ ಇನ್ನೊಂದರ ಸೀಟಿನ ಕಡೆ ಬರುವಂತೆ. ಗಾಜಿನ ಕಡೆಯ ಪೆಡಲ್ ಬಿಚ್ಚಲೇಬೇಕು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆಯನ್ನು ಅಂಗಡಿಯಿಂದ ಒಂದೆರಡು ಮೀಟರ್ ತಂದು ಉದ್ದಕ್ಕೆ ಸೀಳಿ, ಫ್ರೇಮು ಫ್ರೇಮು ತಾಗುವ ಕಡೆ ತೊಡಿಸಿ. ಹ್ಯಾಂಡಲ್ ತಿರುಗದಂತೆ, ಚಕ್ರ ಗಾಳಿಗೆ ಸುತ್ತದಂತೆ ಕಟ್ಟಲು ಹಳೆ ಸೈಕಲ್ ಟ್ಯೂಬನ್ನು ಮೊಳದುದ್ದ ಕತ್ತರಿಸಿಟ್ಟುಕೊಳ್ಳಿ, ಅದಕ್ಕಿಂತ ಚೆನ್ನಾಗಿ ಹಿಡಿಯುವ ವಸ್ತು ದುಡ್ಡು ಕೊಟ್ಟರೂ ಸಿಗದು. ರ್ಯಾಕಿನ ಸಣ್ಣ ರಬ್ಬರ್ ಪಟ್ಟಿಗಳನ್ನಷ್ಟೇ ನಂಬದೆ, ಎರಡೂ ಸೈಕಲ್ ಮತ್ತು ರ್ಯಾಕನ್ನು ಸೇರಿಸಿ ಉದ್ದದ ಒಂದು ಪಟ್ಟಿ ಸುತ್ತಿ. ಟೈರು ಸೈಲೆನ್ಸರ್ ಬಾಯಿಗೆ ನೇರ ಬಂದಿದೆಯೇ ನೋಡಿ; ಬಿಸಿ ಹೊಗೆ ತಾಗಿ ಟೈರ್ ಮೆತ್ತಗಾಗಿ ಒಡೆಯುವುದುಂಟು. ಸೈಕಲ್ ಇರುವಾಗ ಹಿಂದಿನ ವೈಪರ್ ಹಾಕಬೇಡಿ. ಕೆಲವು ಕಾರುಗಳಲ್ಲಿ ಮುಂದಿನ ವೈಪರ್ ಓಡುವಾಗ ರಿವರ್ಸ್ ಹಾಕಿದರೆ ಹಿಂದಿನದೂ ತಾನೇ ಓಡುತ್ತದೆ.

ಹೊರಟು ಐದು ಕಿಲೋಮೀಟರಿಗೇ ನಿಲ್ಲಿಸಿ ಪಟ್ಟಿ ನೋಡಿ, ಹೊಸ ಪಟ್ಟಿ ಆ ಹೊತ್ತಿಗೆ ಖಂಡಿತ ಸಡಿಲಿಸಿರುತ್ತದೆ. ಆಮೇಲೆ 50 ಕಿಲೋಮೀಟರಿಗೊಮ್ಮೆ, ಮಳೆ ಬಂದರೆ ಇನ್ನೂ ಬೇಗ, ನೈಲಾನ್ ನೆನೆದರೆ ಹಿಗ್ಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100 ಇದೆ ಎಂದು 100ರಲ್ಲಿ ಹೋಗಬೇಡಿ, 80 ಸಾಕು. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ: 80ರಿಂದ 100ಕ್ಕೆ ಹೋದರೆ ವೇಗ ಕಾಲುಪಾಲು ಹೆಚ್ಚಿತು, ಒತ್ತಡ ಒಂದೂವರೆ ಪಟ್ಟು ದಾಟಿತು. ಸೈಕಲ್‌ಗಳಿಗೆ ದೊಡ್ಡ ಹೊದಿಕೆ ಹಾಕಿದರೆ ಅದು ಹಾಯಿಪಟದಂತೆ ಉಬ್ಬಿ ರ್ಯಾಕನ್ನೇ ಎಳೆಯುತ್ತದೆ. ಸೀಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಸಾಕು. ಅಂದಹಾಗೆ 2023ರ ಆಗಸ್ಟ್ 1ರಿಂದ ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೋಗಳ ಜೊತೆ ಸೈಕಲ್‌ಗೂ ಪ್ರವೇಶವಿಲ್ಲ. ಸೈಕಲ್ ಇಳಿಸುವುದು ಶ್ರೀರಂಗಪಟ್ಟಣದ ಒಳರಸ್ತೆ ತಲುಪಿದ ಮೇಲೆಯೇ. ಹಂಪು ಬಂದರೆ ನಡಿಗೆಯ ವೇಗಕ್ಕೆ ಇಳಿಸಿ. ರಿವರ್ಸ್ ಸೆನ್ಸರ್ ಸೈಕಲ್ಲನ್ನೇ ಗೋಡೆಯೆಂದು ಕೂಗುತ್ತಿರುತ್ತದೆ, ಕ್ಯಾಮೆರಾ ಕಾಣುವುದಿಲ್ಲ, ಆದ್ದರಿಂದ ಹಿಂದೆ ತೆಗೆಯುವಾಗ ಒಬ್ಬರು ಇಳಿದು ದಾರಿ ತೋರಿಸಲಿ. ತಿಂಡಿಗೆ ನಿಲ್ಲಿಸಿದರೆ ಕಣ್ಣಿಗೆ ಕಾಣುವ ಕಡೆ ನಿಲ್ಲಿಸಿ, ಫ್ರೇಮುಗಳಿಗೆ ಕೇಬಲ್ ಲಾಕ್ ಹಾಕಿ. ಪಟ್ಟಿ ಕೊಯ್ಯಲು ಒಂದು ಬ್ಲೇಡು ಸಾಕು.

ಇಳಿಸಿ ಜೋಡಿಸಿದ ಮೇಲೆ ಮಕ್ಕಳನ್ನು ಹತ್ತಿಸುವ ಮುನ್ನ ಮೂರು ಪರೀಕ್ಷೆ: ಮುಂದಿನ ಚಕ್ರವನ್ನು ಎತ್ತಿ ಅಂಗೈಯಿಂದ ಗುದ್ದಿ, ಅಲುಗಬಾರದು. ಚಕ್ರ ತೆಗೆಯುವಾಗ ಬಿಚ್ಚಿದ ಬ್ರೇಕ್ ತಂತಿಯ ಬಾಗಿದ ಕೊಳವೆ ಮತ್ತೆ ತನ್ನ ಗೂಡಿನಲ್ಲಿ ಕೂತಿದೆಯೇ ನೋಡಿ ಬ್ರೇಕ್ ಹಿಡಿದು ತಳ್ಳಿ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ, ಜಾರಬಾರದು. ಚಕ್ರ ತೆಗೆಯಲು ಬ್ರೇಕ್ ಬಿಚ್ಚಿ ಮತ್ತೆ ಸಿಕ್ಕಿಸಲು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು, ಎಲ್ಲಕ್ಕಿಂತ ಅಪಾಯದ್ದೂ ಹೌದು.

ಮನೆಗೆ ಬಂದ ದಿನವೇ ರ್ಯಾಕ್ ಬಿಚ್ಚಿಡಿ, ಬಿಸಿಲಿಗೆ ಪಟ್ಟಿ ಬೇಗ ಪೆಡಸಾಗುತ್ತದೆ. ಪಟ್ಟಿಯನ್ನು ಬೆರಳಲ್ಲಿ ಮಡಿಸಿದಾಗ ಬಿಳಿ ಪುಡಿ ಉದುರಿದರೆ, ಅಂಚಿನ ಎಳೆ ಬಿಚ್ಚಿದ್ದರೆ ಬದಲಿಸಿ. ಡಿಕ್ಕಿ ಬಾಗಿಲಿನ ಮೇಲಂಚಿನ ರಬ್ಬರ್ ಬೀಡಿಂಗ್ ಅನ್ನು ಕೊಕ್ಕೆ ಒತ್ತಿ ಮಡಚಿರುತ್ತದೆ, ಬೆರಳಿನಿಂದ ಸರಿಪಡಿಸಿ. ಹಾಗೇ ಬಿಟ್ಟರೆ ಮೊದಲ ಜೋರು ಮಳೆಯಲ್ಲಿ ನೀರು ಡಿಕ್ಕಿಯ ಕಾರ್ಪೆಟ್ಟಿನಡಿ ಸ್ಟೆಪ್ನಿ ಗುಂಡಿಗೆ ಇಳಿದು ನಿಲ್ಲುತ್ತದೆ, ವಾಸನೆ ಬರುವವರೆಗೂ ಗೊತ್ತಾಗುವುದಿಲ್ಲ.